ನಾಯಕರು ಓದಿದ ಐದು ಮಾತು

"ಭಾಷಣ ಅಂದರೆ ಗಂಟಲು, ಬೊಮ್ಮರಸ! ನಾನು ಅಡುಗೆಮನೆ ಸಾಮಾನಿನ ಪಟ್ಟಿ ಓದಿದರೂ ಜನ ಚಪ್ಪಾಳೆ ತಟ್ಟುತ್ತಾರೆ" ಎಂದು ಕಾರೆಕೋಟೆಯ ಪಾಳೆಯಗಾರ ರಂಗಪ್ಪನಾಯಕರು ಮೀಸೆ ತಿರುವಿದರು.

ಬೊಮ್ಮರಸ ಆಸ್ಥಾನದ ರಾಯಸದವನು. ನಾಯಕರ ಹೆಸರಿನಲ್ಲಿ ಹೋಗುವ ಓಲೆಗಳನ್ನೂ ಅವರು ಸಭೆಯಲ್ಲಿ ಆಡುವ ಮಾತುಗಳನ್ನೂ ಬರೆದುಕೊಡುವುದು ಅವನ ಕೆಲಸ. ಹನ್ನೆರಡು ವರ್ಷದಲ್ಲಿ ನಾಯಕರು ಒಂದನ್ನೂ ಮುಂಚಿತವಾಗಿ ಓದಿದವರಲ್ಲ. ಸಭೆಯಲ್ಲೇ ಬಿಚ್ಚಿ, ಅಲ್ಲೇ ಗುಡುಗುತ್ತಿದ್ದರು.

"ಹಾಗಾದರೆ ನಾನೇಕೆ ಬೇಕು, ಪ್ರಭು?"

"ಅದನ್ನೇ ಯೋಚಿಸುತ್ತಿದ್ದೇನೆ. ದೊಡ್ಡಕೆರೆಯ ಏರಿ ಬಿರುಕು ಬಿಟ್ಟಿದೆ. ಮಳೆ ಬಂದರೆ ಕೆಳಗಿನ ಊರು ಕೊಚ್ಚಿ ಹೋಗುತ್ತದೆ. ಡಂಗುರ ಹೊಡೆಸಿದರೂ ಒಬ್ಬನೂ ಗುದ್ದಲಿ ಹಿಡಿದು ಬಂದಿಲ್ಲ. ನಾಳೆ ನಾನು ಮಾತಾಡಿದ ಕೂಡಲೇ ಜನ ಎದ್ದು ಬರಬೇಕು. ಬರದಿದ್ದರೆ ನಿನ್ನ ಕೈಗೆ ಬುಟ್ಟಿ. ಇಡೀ ಏರಿಗೆ ನೀನೊಬ್ಬನೇ ಮಣ್ಣು ಹೊರು!"

ಬೊಮ್ಮರಸ ಮನೆಗೆ ಹೋಗಲಿಲ್ಲ. ನೇರ ಕೆಳಗಿನ ಊರಿಗೆ ಹೋದ. ಅಲ್ಲಿ ಸಣ್ಣೀರಮ್ಮ ಎಂಬ ಮುದುಕಿ ಅಂಗಳದಲ್ಲಿ ರಾಗಿ ಹರವುತ್ತಿದ್ದಳು.

"ಏರಿ ಕೆಲಸಕ್ಕೆ ಯಾಕಮ್ಮ ಯಾರೂ ಬರ್ತಿಲ್ಲ?"

"ಹೋದ ವರ್ಷ ಬಂದಿದ್ದೆವಲ್ಲ ಸ್ವಾಮಿ! ಏರಿ ಕಟ್ಟಿದವರು ನಾವು. ತೂಬು ಎತ್ತಿದಾಗ ನೀರು ಹೋಗಿದ್ದು ನಾಯಕರ ಹೂದೋಟಕ್ಕೆ. ನಮ್ಮ ಗದ್ದೆಗೆ ಬಂದಿದ್ದು ಬರೀ ಭಾಷಣ. ಅವರು ಒಂದು ಬುಟ್ಟಿ ಹೊರಲಿ ನೋಡೋಣ, ನಾನು ನೂರು ಹೊರ್ತೀನಿ."

ಮರುದಿನ ಜನ ಏರಿಯ ಕೆಳಗೆ ಕೈಕಟ್ಟಿ ನಿಂತಿದ್ದರು. ಬೊಮ್ಮರಸ ನಾಯಕರ ಕೈಗೆ ಓಲೆ ಕೊಟ್ಟ.

"ಒಂದೇ ಗರಿಯೇ?"

"ಗಂಟಲು ತಮ್ಮದಿದೆಯಲ್ಲ, ಪ್ರಭು."

ನಾಯಕರು ಎದೆಯುಬ್ಬಿಸಿ ಗುಡುಗಿದರು. "ಹೋದ ವರ್ಷ ಈ ಏರಿ ಕಟ್ಟಿದವರು ನೀವು! ನೀರು ಮಾತ್ರ ನನ್ನ ಹೂದೋಟಕ್ಕೆ ಹೋಯಿತು!"

ಓದಿದ ಮೇಲೆ ಅದರ ಅರ್ಥ ಹೊಳೆಯಿತು. ಗುಡುಗು ತಗ್ಗಿತು. ಕಣ್ಣು ಮುಂದಿನ ಸಾಲಿಗೆ ಹೋಗಿ ಅಲ್ಲೇ ನಿಂತಿತು. ಬೊಮ್ಮರಸನತ್ತ ನೋಡಿದರೆ, ಅವನು ಕೆರೆಯ ಕೊಕ್ಕರೆಗಳನ್ನು ಎಣಿಸುತ್ತಿದ್ದ. ಜನ ಕಟ್ಟಿದ್ದ ಕೈ ಬಿಚ್ಚಿ ಎರಡು ಹೆಜ್ಜೆ ಹತ್ತಿರ ಬಂದಿದ್ದರು. ಈಗ ನಿಲ್ಲಿಸಿದರೆ ಮಾನ ಹೋಗುತ್ತದೆ.

"ತಪ್ಪು... ತಪ್ಪು ನನ್ನದು."

ನಾಯಕರು ಓಲೆಯನ್ನು ಕಣ್ಣಿನ ಹತ್ತಿರ ಹಿಡಿದು ಮುಂದೆ ಓದಿದರು.

"ಈ ಸಲ ಮೊದಲ ನೀರು ನಿಮ್ಮ ಗದ್ದೆಗೆ. ಮೊದಲ ಬುಟ್ಟಿ ಮಣ್ಣು ನನ್ನ ತಲೆಗೆ."

ಓಲೆ ಅಲ್ಲಿಗೆ ಮುಗಿದಿತ್ತು. ಚಪ್ಪಾಳೆ ಬೀಳಲಿಲ್ಲ. ಸಣ್ಣೀರಮ್ಮ ಬುಟ್ಟಿ ತುಂಬಿಕೊಂಡು ಬಂದು ನಾಯಕರ ಮುಂದೆ ಇಟ್ಟಳು.

"ಪೇಟ ತೆಗೀರಿ ಬುದ್ಧಿ, ಮಣ್ಣಾಗ್ತದೆ."

ನಾಯಕರು ಪೇಟ ತೆಗೆದರು, ಬುಟ್ಟಿ ಹೊತ್ತರು. ಹಿಂದೆಯೇ ಇಡೀ ಊರು ಬಂತು. ಸಂಜೆಯೊಳಗೆ ಬಿರುಕು ಮುಚ್ಚಿತು. ಎರಡು ದಿನ ಬಿಟ್ಟು ಭಾರೀ ಮಳೆ ಹೊಡೆಯಿತು. ಏರಿ ಅಲುಗಲಿಲ್ಲ.

ಮಳೆ ನಿಂತ ಮೇಲೆ ನಾಯಕರು ಬೊಮ್ಮರಸನನ್ನು ಕರೆಸಿದರು. ಬುಟ್ಟಿ ಹೊತ್ತ ಕುತ್ತಿಗೆ ಇನ್ನೂ ನೋಯುತ್ತಿತ್ತು.

"ನನ್ನನ್ನೇ ಸಿಕ್ಕಿಸಿಹಾಕಿದೆಯಲ್ಲೋ! ಇರಲಿ, ಊರು ಉಳಿಯಿತು. ಐದೇ ಮಾತು, ಆದರೆ ಒಬ್ಬನೂ ಮನೆಗೆ ಹೋಗಲಿಲ್ಲ. ಅದರಲ್ಲಿ ನಿನಗೆ ಬಹಳ ಕಷ್ಟವಾದ ಮಾತು ಯಾವುದು?"

"ತಪ್ಪು ನನ್ನದು ಅನ್ನೋದು. ಬರೆಯೋದು ಸುಲಭ ಪ್ರಭು, ಓದುವವರು ಸಿಗೋದು ಕಷ್ಟ."

ನಾಯಕರು ಹೊಟ್ಟೆ ಹಿಡಿದು ನಕ್ಕು, ಹೊದ್ದಿದ್ದ ಶಾಲನ್ನೇ ತೆಗೆದು ಅವನಿಗೆ ಹೊದಿಸಿದರು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಹಾಗೇ ಇನ್ನೊಂದು ಬರೆದುಕೊಡು. ರಾಣಿ ನಾಲ್ಕು ದಿನದಿಂದ ನನ್ನ ಹತ್ತಿರ ತುಟಿ ಬಿಚ್ಚಿಲ್ಲ. ಅವಳು ಕರಗಿಹೋಗುವಂಥ ನಾಲ್ಕು ಮಾತು."

ಬೊಮ್ಮರಸ ತಲೆ ಕೆರೆದುಕೊಂಡ.

"ಅದು ಆಗೋದಿಲ್ಲ, ಪ್ರಭು."

"ಯಾಕೆ?"

"ರಾಣಿಯವರು ತಮಗಿಂತ ಮೊದಲೇ ನನ್ನ ಹತ್ತಿರ ಬಂದಿದ್ದರು. ಆ ಮೌನವನ್ನೂ ನಾನೇ ಬರೆದುಕೊಟ್ಟದ್ದು!"