ತುಂಬಿದ ಕೊಡಕ್ಕೆ ದಾರಿ

"ಮತ್ತೆ ನಡುವೆ ಬಾಯಿ ಹಾಕಿದ್ರಿ, ಅವ್ವಾ. ಇದು ಮೂರನೇ ಸಲ. ನಾನು ಹೇಳೋದನ್ನ ಒಂದು ಸಲವಾದ್ರೂ ಪೂರ್ತಿ ಕೇಳಬಾರದಾ?"

ಶಾಂಭವಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಶ್ರಮ ನಡೆಸುವ ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಕೇಳ್ತಾನೇ ಇದೀನಲ್ಲ ಮಗಾ. ಅವನ ಆಟೊ ಯಾವ ಬಣ್ಣದ್ದು ಅಂದೆ, ಅಷ್ಟೇ."

"ಬಣ್ಣ ನೋಡ್ತಾ ಕೂರೋಕೆ ಅದೇನು ಸೀರೆಯಾ?"

"ಸರಿ ಬಿಡು. ನೀನು ಹೋಗು, ನಾನು ನಿಂತೆ."

ಹೊಳೆದಂಡೆಯ ಆ ಆಶ್ರಮದಲ್ಲಿ ಎಲ್ಲರ ಬಾಯಲ್ಲೂ ಈ ಮಾತಿತ್ತು. ಅದು ಮೆಟ್ಟಿಲಿನಿಂದ ಬಂದ ಮಾತು. ಹೊಳೆಗೆ ಇಳಿಯಲು ಬಂಡೆ ಕಡಿದು ಮಾಡಿದ ಮೂವತ್ತೆರಡು ಮೆಟ್ಟಿಲು, ಒಬ್ಬರು ಹೋಗುವಷ್ಟೇ ಅಗಲ. ತುಂಬಿದ ಕೊಡ ಹೊತ್ತು ಯಾರಾದರೂ ಹತ್ತಿ ಬಂದರೆ, ಖಾಲಿ ಕೊಡ ಹಿಡಿದು ಇಳಿಯುವವರು ಬಂಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದರು. "ನೀನು ಹೋಗು, ನಾನು ನಿಂತೆ" ಅನ್ನುತ್ತಿದ್ದರು. ಅದು ಅಲ್ಲಿನ ಪದ್ಧತಿ.

ಆಶ್ರಮ ಅಂದರೆ ಕಾವಿ ಇರಲಿಲ್ಲ, ಜಪಮಾಲೆ ಇರಲಿಲ್ಲ. ಬೆಳಗ್ಗೆ ಒಂದು ಡಬರಿ ರಾಗಿ ಗಂಜಿ ಕಾಯಿಸುವುದು, ಅದನ್ನು ಪಟ್ಟಣದ ಆಸ್ಪತ್ರೆಯ ಅಂಗಳಕ್ಕೆ ಒಯ್ದು ಕಾದು ಕೂತವರಿಗೆ ಬಡಿಸುವುದು. ಅದೇ ಅವರ ಪೂಜೆ. ಬಡಿಸುವ ಹಿತ್ತಾಳೆ ಸೌಟು ಅವ್ವನಿಗೆ ಅವರ ಗುರು ಕೊಟ್ಟದ್ದು. ಆ ಸೌಟು ಯಾರ ಕೈಗೆ ಹೋಗುತ್ತದೋ ಅವರೇ ಶಿಷ್ಯರು.

ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಬರುವ ಹುಣ್ಣಿಮೆಗೆ ಸೌಟು ಕೊಟ್ಟುಬಿಡುತ್ತೇನೆ ಅಂದಿದ್ದರು. ಯಾರಿಗೆ ಅಂತ ಹೇಳಿರಲಿಲ್ಲ.

ಮೂರು ವರ್ಷದಿಂದ ಗಂಜಿಯ ಲಗೇಜ್ ಆಟೊ ಓಡಿಸುತ್ತಿದ್ದವಳು ಶಾಂಭವಿ. ಮೂರು ವರ್ಷದಿಂದಲೂ ಅವಳ ಕಣ್ಣು ಆ ಸೌಟಿನ ಮೇಲೆಯೇ. ಹುಣ್ಣಿಮೆಗೆ ಇನ್ನು ಆರು ದಿನ ಇತ್ತು.

ಅವಳು ಬಿಟ್ಟಲ್ಲಿಂದ ಶುರು ಮಾಡಿದಳು.

"ನಾಲ್ಕು ರಸ್ತೆ ಸೇರೋ ಆ ಕೈಮರದಲ್ಲಿ ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಎಲ್ಲ ನುಗ್ಗೋರೇ. ಈ ಮಹಾನುಭಾವ ಎಡಗಡೆಯಿಂದ ಬಂದು ನನ್ನ ಮೂತಿಗೆ ಮೂತಿ ಇಟ್ಟು ನಿಲ್ಲಿಸಿದ. ತಾನೇ ಮೊದಲು ಬಂದೆ ಅಂತ."

"ಬಂದಿದ್ನಾ?"

"ನೋಡಿ, ನಾಲ್ಕನೇ ಸಲ."

ಅವ್ವ ತುಟಿ ಒತ್ತಿಕೊಂಡರು.

"ಬಂದಿದ್ದ. ಒಂದು ಚಿಟಿಕೆ ಮೊದಲು. ಆದ್ರೆ ಅವನ ಆಟೊ ಖಾಲಿ. ನಾನು ಹಾರ್ನ್ ಮೇಲಿಂದ ಕೈ ತೆಗೀಲೇ ಇಲ್ಲ. ತಲೆ ಹೊರಗೆ ಹಾಕಿ ಹೇಳಿದೆ. ಅಣ್ಣಾ, ನಂದು ತುಂಬಿದ ಗಾಡಿ, ನಿಂದು ಖಾಲಿ. ಹಿಂದಕ್ಕೆ ತಗೋ ಅಂತ. ತಗೊಂಡ. ಗಂಜಿ ಹಬೆಯಾಡ್ತಾನೇ ಹೋಗಿ ತಲುಪ್ತು. ನಮ್ಮ ಪದ್ಧತಿ ಊರಿಗೇ ಕಲಿಸಿ ಬಂದೆ, ಅವ್ವಾ."

ಹೊಗಳಿಕೆಗಾಗಿ ಅವಳು ಸ್ವಲ್ಪ ಹೊತ್ತು ಕಾದಳು.

"ಹಿಂದಕ್ಕೆ ತಗೊಳ್ಳೋಕೆ ಅವನಿಗೆ ಜಾಗ ಇತ್ತಾ?" ಎಂದರು ಅವ್ವ.

"ನನಗೇನು ಗೊತ್ತು? ಮಾಡ್ಕೊಂಡಿರ್ತಾನೆ."

ಅವ್ವ ಒಂದು ಹುಳುಕು ಕಾಳನ್ನು ಆರಿಸಿ ಅಂಗಳಕ್ಕೆ ಎಸೆದರು.

"ನಾಳೆ ನೀನು ದಾರಿ ಬಿಟ್ಟು ನೋಡು," ಅಂದರು.

ಮಾರನೆಯ ದಿನ ಶಾಂಭವಿ ಬಂದಾಗ ಮುಖ ಬೆಳಗುತ್ತಿತ್ತು. ಆಟೊ ನಿಲ್ಲಿಸಿದವಳೇ ಜಗಲಿಗೆ ಬಂದಳು.

"ಇಪ್ಪತ್ತೆಂಟು, ಅವ್ವಾ."

"ಏನು ಇಪ್ಪತ್ತೆಂಟು?"

"ನಾನು ದಾರಿ ಬಿಟ್ಟ ಗಾಡಿಗಳು. ಬೈಕು, ಟ್ರ್ಯಾಕ್ಟರು, ಕಾರು, ಎಲ್ಲದಕ್ಕೂ ಬಿಟ್ಟೆ. ಹೋಗಿ, ಹೋಗಿ ಅಂತ ಕೈ ಬೀಸಿದ್ದೇ ಬೀಸಿದ್ದು. ಒಬ್ಬ ಸ್ಕೂಟರಿನವನು ನೀವೇ ಹೋಗಿ ಅಂದ. ಸಾಧ್ಯವೇ ಇಲ್ಲ, ನೀವೇ ಹೋಗಿ ಅಂದೆ. ಅವನೂ ಹಟ ಹಿಡಿದ. ನಾನು ಸೋಲ್ತೀನಾ? ಕೊನೆಗೆ ಅವನನ್ನೇ ಕಳಿಸಿದೆ."

ಅವ್ವನಿಗೆ ನಗು ಬಂತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ನಿನ್ನ ಹಿಂದೆ ಎಷ್ಟು ಗಾಡಿ ನಿಂತಿದ್ವು?"

ಶಾಂಭವಿಯ ಕೈ ಗಾಳಿಯಲ್ಲೇ ನಿಂತಿತು.

"ಹಿಂದೆನಾ? ಯಾರೋ ಕಿರುಚಾಡ್ತಿದ್ರು. ನಾನು ತಿರುಗಿ ನೋಡಲಿಲ್ಲ."

"ನಿನ್ನೆ ಮುಂದಿದ್ದವನನ್ನ ನೋಡಲಿಲ್ಲ. ಇವತ್ತು ಹಿಂದಿದ್ದವರನ್ನ ನೋಡಲಿಲ್ಲ."

"ಹಾಗಾದ್ರೆ ನುಗ್ಗಿದ್ರೂ ತಪ್ಪು, ಬಿಟ್ರೂ ತಪ್ಪು. ಆಟೊನ ತಲೆ ಮೇಲೆ ಹೊತ್ಕೊಂಡು ಹೋಗ್ಲಾ?"

"ನಾಳೆ ನಾನೂ ಬರ್ತೀನಿ," ಎಂದರು ಅವ್ವ.

ಮೂರನೆಯ ದಿನ ಅವ್ವ ಅವಳ ಪಕ್ಕದಲ್ಲಿ ಕೂತರು. ಹಿಂದೆ ಡಬರಿಯ ಮುಚ್ಚಳ ಕಟಕಟ ಅನ್ನುತ್ತಿತ್ತು. ಶಾಂಭವಿ ಮಾತಾಡಲಿಲ್ಲ. ಇನ್ನು ನಾಲ್ಕು ದಿನ ಇದೆ, ಬಾಯಿ ಬಿಟ್ಟರೆ ಸೌಟು ಹೋದಂತೆ ಅಂದುಕೊಂಡಿದ್ದಳು.

ಕೈಮರ ಇನ್ನೂ ಐವತ್ತು ಮಾರು ದೂರ ಇತ್ತು. ಎಡಗಡೆಯ ರಸ್ತೆಯಲ್ಲಿ ಒಂದು ಹಸಿರು ಆಟೊ ಅದಾಗಲೇ ಬಂದು ನಿಂತಿತ್ತು.

"ಅವನೇ ಅವ್ವಾ. ಮೊನ್ನೆಯವನು. ಹಸಿರು, ನೋಡ್ಕೊಳ್ಳಿ."

ಹಸಿರು ಆಟೊದವನು ಇವರ ಗಾಡಿಯನ್ನು ಕಂಡ. ಯಾರೂ ಹಾರ್ನ್ ಮಾಡಿರಲಿಲ್ಲ. ಅವನು ತಾನಾಗಿಯೇ ಅವಸರದಲ್ಲಿ ಹಿಂದಕ್ಕೆ ತೆಗೆಯತೊಡಗಿದ. ಒಂದು ಮಾರು, ಎರಡು ಮಾರು. ಆಟೊದ ಹಿಂದಿನ ಚಕ್ರ ಚರಂಡಿಗೆ ಇಳಿದು, ಗಾಡಿ ಒಂದು ಕಡೆಗೆ ವಾಲಿ ನಿಂತಿತು.

ಅವ್ವ ಇಳಿದರು. ಪೊರೆ ಬಂದ ಕಣ್ಣಿನಲ್ಲೇ ಒಂದು ಕೈ ಎತ್ತಿ ರಸ್ತೆ ದಾಟಿದರು. ಗಾಡಿಗಳು ನಿಂತವು. ಶಾಂಭವಿ ಆಟೊವನ್ನು ಪಕ್ಕಕ್ಕೆ ಹಾಕಿ ಹಿಂದೆಯೇ ಓಡಿದಳು.

ಅವನು ಆಗಲೇ ಕೆಳಗಿಳಿದು ಭುಜ ಕೊಟ್ಟು ನೂಕುತ್ತಿದ್ದ. ನಲವತ್ತರ ಆಸುಪಾಸಿನವನು.

"ನಿನ್ನ ಹೆಸರೇನಪ್ಪಾ?" ಎಂದರು ಅವ್ವ.

"ಚೌಡಪ್ಪ, ಅಮ್ಮಾ. ನೀವು ಹೋಗಿ, ನಿಮ್ಮ ಗಂಜಿಗೆ ತಡ ಆಯ್ತದೆ. ನಿಮ್ಮದು ತುಂಬಿದ ಗಾಡಿ, ನಂದು ಖಾಲಿ. ಮೊನ್ನೆ ಈ ಅಮ್ಮಣ್ಣಿ ಹೇಳಿದ್ರಲ್ಲ, ಅದಕ್ಕೇ ಇವತ್ತು ನಾನೇ ಮೊದಲು ತಗೊಂಡೆ."

ಶಾಂಭವಿ ಚರಂಡಿಯೊಳಗೆ ಇಳಿದಳು. ಸೀರೆಯ ಅಂಚು ಕೆಸರಾಯಿತು.

"ನೂಕಿ," ಅಂದಳು.

ಮೂವರೂ ನೂಕಿದರು. ಚಕ್ರ ಮೇಲೆ ಬರಲಿಲ್ಲ.

"ಖಾಲಿ ಗಾಡಿ ತಗೊಂಡು ಎಲ್ಲಿಗೆ ಹೊರಟಿದ್ದೆ, ಚೌಡಪ್ಪ?"

"ನಮ್ಮವ್ವನ್ನ ಕರ್ಕೊಂಡು ಬರೋಕೆ. ದಿನ ಬಿಟ್ಟು ದಿನ ಡಯಾಲಿಸಿಸ್ ಅವಳಿಗೆ. ಬೆಳಗಿನ ಜಾವ ಬಿಟ್ಟು ಬತ್ತೀನಿ, ಈ ಹೊತ್ತಿಗೆ ಹೋಯ್ತೀನಿ. ಅದು ಮುಗಿದ ಮೇಲೆ ಕೂರೋಕೆ ಆಗಲ್ಲ ಅವಳಿಗೆ. ಮೊನ್ನೆ ಇಲ್ಲಿ ಹಿಂದಕ್ಕೆ ತಗೊಂಡು ಸಿಕ್ಕಾಕ್ಕೊಂಡೆ, ಸ್ವಲ್ಪ ತಡ ಆಯ್ತು. ಹೋಗೋ ಹೊತ್ತಿಗೆ ಬೆಂಚಿಂದ ಜಾರಿ ನೆಲದ ಮೇಲೆ ಕೂತಿದ್ಲು."

ಶಾಂಭವಿ ನೂಕುವುದನ್ನು ನಿಲ್ಲಿಸಿದಳು.

"ಆದ್ರೆ ನಿಮ್ಮ ಗಂಜಿ ಕುಡಿದಿದ್ಲು," ಅಂದ ಚೌಡಪ್ಪ. "ಬಿಸಿಯಾಗಿತ್ತು ಕಣೋ ಮಗ ಅಂದ್ಲು."

ಅಷ್ಟರಲ್ಲಿ ಟ್ರ್ಯಾಕ್ಟರಿನವನೊಬ್ಬ ಇಳಿದು ಬಂದ. ಬೈಕಿನವರಿಬ್ಬರು ಬಂದರು. ಒಂದೇ ಎತ್ತಿಗೆ ಆಟೊ ರಸ್ತೆಗೆ ಬಂತು.

ಚೌಡಪ್ಪ ಸೀಟಿನಲ್ಲಿ ಕೂತು, ಇವರು ಮೊದಲು ಹೋಗಲಿ ಅಂತ ಕಾಯುತ್ತಿದ್ದ.

ಶಾಂಭವಿ ಅವನ ಆಟೊದ ಪಕ್ಕಕ್ಕೆ ಹೋಗಿ, ಕೈಮರದ ಕಂಬಕ್ಕೆ ಬೆನ್ನು ಒತ್ತಿ ನಿಂತಳು.

"ನೀನು ಹೋಗಣ್ಣಾ. ನಾನು ನಿಂತೆ."

ಅಂದು ಗಂಜಿ ಆರಿಹೋಗಿತ್ತು. ಆಸ್ಪತ್ರೆಯ ಅಂಗಳದಲ್ಲಿ ಯಾರೂ ಅದನ್ನು ಬೇಡ ಅನ್ನಲಿಲ್ಲ.

ಸಂಜೆ ಶಾಂಭವಿ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಮೇಲಿನಿಂದ ಅವ್ವ ಸಣ್ಣ ಚೊಂಬು ಹಿಡಿದು ಇಳಿಯುತ್ತಿದ್ದರು. ಅವಳನ್ನು ಕಂಡು ಬಂಡೆಗೆ ಬೆನ್ನು ಕೊಟ್ಟು ನಿಂತರು.

ಶಾಂಭವಿ ಹೋಗಲಿಲ್ಲ. ಕೊಡದಿಂದ ನೀರು ತುಳುಕಿ ಹೆಗಲು ಒದ್ದೆಯಾಗುತ್ತಿತ್ತು.

"ನಮ್ಮ ಪದ್ಧತಿಯೇ ತಪ್ಪಾ, ಅವ್ವಾ?"

"ಎಷ್ಟು ವರ್ಷದಿಂದ ಈ ಮೆಟ್ಟಿಲು ಹತ್ತುತ್ತಾ ಇದ್ದೀಯ?"

"ಮೂರು."

"ದಾರಿ ಬಿಡು, ನಂದು ತುಂಬಿದ ಕೊಡ ಅಂತ ಇಲ್ಲಿ ಯಾರಾದ್ರೂ ಕೂಗಿದ್ದು ಕೇಳಿದ್ದೀಯಾ?"

ಶಾಂಭವಿ ಯೋಚಿಸಿದಳು. "ಇಲ್ಲ. ನಿಂತವರೇ ಹೇಳ್ತಾರೆ. ನೀನು ಹೋಗು ಅಂತ."

"ಹೊತ್ತವರು ಏನು ಹೇಳ್ತಾರೆ?"

"ಏನೂ ಹೇಳಲ್ಲ."

"ಆ ಪದ್ಧತಿ ನಿಂತವರದು, ಮಗಾ. ಹೊತ್ತವರದಲ್ಲ. ಹೋಗು, ನನ್ನ ಕಾಲು ನೋಯ್ತಿದೆ."

ಶಾಂಭವಿ ಎರಡು ಮೆಟ್ಟಿಲು ಹತ್ತಿದಳು. ಆಮೇಲೆ ನಿಂತು, ತಿರುಗಿ ಅವ್ವನ ಮುಖ ನೋಡಿದಳು. ಮೂರು ವರ್ಷದಲ್ಲಿ ಆ ಮೆಟ್ಟಿಲಿನ ಮೇಲೆ ಅವಳು ಹಾಗೆ ನೋಡಿದ್ದು ಅದೇ ಮೊದಲು. ಅವ್ವನ ಹಣೆಯ ಮೇಲೆ ಬೆವರಿತ್ತು. ಒಂದು ಕೈಯಲ್ಲಿ ಬಂಡೆ ಹಿಡಿದು, ನೋಯುವ ಕಾಲನ್ನು ಊರದೆ ನಿಂತಿದ್ದರು.

ಅವಳು ಕೊಡವನ್ನು ಮೆಟ್ಟಿಲ ಮೇಲೆ ಇಳಿಸಿ, ಕೆಳಗೆ ಬಂದು, ಅವ್ವನ ಕೈ ಹಿಡಿದು ಹೊಳೆಯವರೆಗೆ ಇಳಿಸಿದಳು.

ಹುಣ್ಣಿಮೆ ಬಂತು.

ಆಸ್ಪತ್ರೆಯಿಂದ ಹಿಂತಿರುಗಿದ ಶಾಂಭವಿ ಕಾಲು ತೊಳೆದು ಜಗಲಿಗೆ ಬಂದಳು. ಅಂದು ಆಸ್ಪತ್ರೆಗೆ ಕಳಿಸದೆ ಉಳಿಸಿಕೊಂಡ ಸೌಟನ್ನು ಅವ್ವ ತೊಳೆದು ಬೆಳಗಿ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಅವಳು ಅದನ್ನು ನೋಡದಂತೆ ನೋಡಿದಳು.

"ಇವತ್ತು ಕೈಮರದಲ್ಲಿ ಏನಾಯ್ತು ಗೊತ್ತಾ..." ಅಂದವಳು ಅಲ್ಲೇ ನಿಂತಳು. ಅವ್ವನ ತುಟಿ ಅಲ್ಲಾಡಿದಂತಿತ್ತು. "ನೀವು ಏನೋ ಹೇಳೋಕೆ ಹೊರಟ್ರಿ. ಹೇಳಿ ಅವ್ವಾ, ನಾನು ನಿಂತೆ."

ಅವ್ವ ನಕ್ಕರು.

"ಇಲ್ಲ ಮಗಾ. ಇವತ್ತು ನೀನೇ ಹೋಗು."

"ಒಂದು ಲಾರಿ. ನೀಲಿ ಬಣ್ಣದ್ದು. ನನಗಿಂತ ಮೊದಲು ಬಂದಿದ್ದು ಅವನೇ. ಅದಕ್ಕೇ ನಾನು ಕೈ ಸ್ಟೇರಿಂಗಿನ ಮೇಲಿಟ್ಟು ಸುಮ್ಮನೆ ಕೂತಿದ್ದೆ. ನನ್ನ ಹಿಂದೆ ಎರಡು ಬೈಕು, ಒಂದು ಕಾರು. ಅವನ ಹಿಂದೆ ಯಾರೂ ಇರಲಿಲ್ಲ. ಅವನು ಡಬರಿ ನೋಡಿದ, ಆಮೇಲೆ ನನ್ನ ನೋಡಿದ. ಹೋಗಮ್ಮಾ ಅಂತ ಕೈ ಮಾಡಿದ. ನಾನು ಕೇಳಿರಲಿಲ್ಲ, ಅವ್ವಾ. ಹಾರ್ನ್ ಮುಟ್ಟಿರಲಿಲ್ಲ."

"ಹೂಂ."

"ಮುಖ ನೋಡಿದೆ. ನರೆತ ಮೀಸೆ. ನಿದ್ದೆಗೆಟ್ಟ ಕಣ್ಣು. ಒಳಗೆ ಕನ್ನಡಿಗೆ ಒಂದು ಪುಟ್ಟ ಕಾಲುಚೀಲ ಕಟ್ಟಿದ್ದ. ನಾನು ಕೈ ಎತ್ತಿ ಮುಗಿದು ದಾಟಿದೆ. ಅವನು ನಕ್ಕ."

ಇನ್ನು ಏನು ಕೇಳಿದರೂ ಹೇಳುತ್ತೇನೆ ಎಂಬಂತೆ ಅವಳು ನಿಂತಿದ್ದಳು. ಬಣ್ಣ ಹೇಳಿದ್ದಳು, ಹಿಂದಿದ್ದವರನ್ನು ಹೇಳಿದ್ದಳು, ಮುಖವನ್ನೂ ಹೇಳಿದ್ದಳು.

"ಹೇಳಿ ಮುಗೀತಾ?"

"ಮುಗೀತು, ಅವ್ವಾ."

ಅವ್ವ ಸೌಟನ್ನು ತೆಗೆದು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಶಾಂಭವಿಯ ಕಣ್ಣು ತುಂಬಿತು. ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡೇ ಇರುತ್ತಿದ್ದವಳು ಅವಳು. ಆದರೆ ಆಗ ಅವ್ವ ಕೇಳಿದ್ದನ್ನು, ಎಷ್ಟೋ ವರ್ಷ ಆ ಸೌಟು ಹಿಡಿದು ಬಡಿಸುವಾಗಲೂ ಅವಳು ತನ್ನನ್ನೇ ತಾನು ಕೇಳಿಕೊಳ್ಳುತ್ತಿದ್ದಳು.

"ನಿನಗೋಸ್ಕರ ಅವನು ಅಲ್ಲಿ ನಿಂತಾಗ, ಅವನಿಗೋಸ್ಕರ ಕಾಯ್ತಾ ಇದ್ದವರು ಯಾರು, ಮಗಾ?"