ನೂಲಿಗೆ ಉಣಿಸಿದ ಗಂಜಿ

“ಹೊಟ್ಟೆಗೆ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಿದ್ದ ಮೇಲೆ ಮಕ್ಕಳ ಮಧ್ಯಾಹ್ನದ ಊಟಕ್ಕೆ ಇಷ್ಟೆಲ್ಲ ಒದ್ದಾಟ ಯಾಕೆ, ಅಜ್ಜನವರೆ?”

ಹೀಗೆ ಕೇಳಿದವನು ಮಡಿವಾಳಯ್ಯ. ಕೇಳಿದ್ದು ತನ್ನ ಗುರುಗಳನ್ನು. ಆ ಸೀಮೆಯಲ್ಲಿ ಮಠದ ಗುರುಗಳನ್ನು ಅಜ್ಜನವರು ಎಂದೇ ಕರೆಯುತ್ತಾರೆ. ಮಠಕ್ಕೆ ಸೇರಿದ ಒಂದು ಶಾಲೆ ಇತ್ತು. ಅಲ್ಲಿಯ ಮಕ್ಕಳಿಗೆ ಅಡಿಗೆ ಮಾಡಿ ಬಡಿಸುವುದು ಮಡಿವಾಳಯ್ಯನ ಪಾಲಿಗೆ ಬಂದ ಸೇವೆ. ಅವನೂ ಚಿಕ್ಕಂದಿನಲ್ಲಿ ಇದೇ ಶಾಲೆಯಲ್ಲಿ ಓದಿದವನು, ಇದೇ ಪಡಸಾಲೆಯಲ್ಲಿ ಉಂಡು ಬೆಳೆದವನು. ಆಗ ಅಜ್ಜನವರು ಇನ್ನೂ ಪೀಠಕ್ಕೆ ಬಂದಿರಲಿಲ್ಲ. ಈಗ ಮಡಿವಾಳಯ್ಯ ಊದುವ ಒಲೆಯನ್ನೇ ಆಗ ಅವರು ಊದಿ, ಮಕ್ಕಳಿಗೆ ಬಡಿಸುತ್ತಿದ್ದರು.

ಮಡಿವಾಳಯ್ಯ ದಣಿದಿದ್ದ. ಮಲಗಿ ಎದ್ದರೆ ಇಳಿಯುವ ದಣಿವು ಅದಲ್ಲ. ಹೆಸರುಕಾಳು ನೆನೆಹಾಕಿ ಮೊಳಕೆ ಬರಿಸಬೇಕು, ಮೆಂತ್ಯದ ಸೊಪ್ಪು ಬಿಡಿಸಬೇಕು, ಬೆಂಕಿಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯಬೇಕು. ಇಷ್ಟೂ ಆದ ಮೇಲೆ ಮಕ್ಕಳು ಸೊಪ್ಪನ್ನು ಬೆರಳಿನಿಂದ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು. “ಅಯ್ಯನವರೆ, ನಾವೇನು ಆಡಿನ ಮರಿಗಳಾ?” ಎಂದು ಒಬ್ಬಳು ಕೇಳಿದ್ದಳು. ಸಾಲಿನಲ್ಲಿ ಕೂತ ಉಳಿದವರೆಲ್ಲ “ಮ್ಯಾ” ಎಂದು ಕೂಗಿದ್ದರು. ಮಡಿವಾಳಯ್ಯನೂ ನಕ್ಕಿದ್ದ. ನಗುವುದಕ್ಕೂ ತ್ರಾಣ ಬೇಕಾಗುತ್ತದೆ ಎಂದು ಅವನಿಗೆ ತಿಳಿದದ್ದು ಅಂದೇ.

ಈ ನಡುವೆ ಒಬ್ಬ ವ್ಯಾಪಾರಿ ಮಠಕ್ಕೆ ಬಂದಿದ್ದ. ದಿನವೂ ಸಿಹಿ ಬನ್ನು ಮತ್ತು ಕುರುಕಲು ತಿಂಡಿಯ ಪೊಟ್ಟಣ ದಾನವಾಗಿ ಕಳಿಸುತ್ತೇನೆ, ನೀವು ಒಲೆ ಹಚ್ಚುವುದೇ ಬೇಡ ಎಂದಿದ್ದ. ಒಂದು ದಿನ ತಂದು ಹಂಚಿಯೂ ಹೋಗಿದ್ದ. ಮಕ್ಕಳು ಕುಣಿದಾಡಿದ್ದರು. ತೊಳೆಯಲು ಒಂದು ಪಾತ್ರೆಯೂ ಬಿದ್ದಿರಲಿಲ್ಲ. ಮರುದಿನ ಬೆಳಗ್ಗೆ ಅವನು ಉತ್ತರ ಕೇಳಲು ಬರುವವನಿದ್ದ. ಅಜ್ಜನವರು ಹೂಂ ಎಂದರೆ ಒಲೆ ಆರುತ್ತದೆ. ಮಡಿವಾಳಯ್ಯನಿಗೆ ಬೇಕಾಗಿದ್ದದ್ದು ಆ ಒಂದು ಹೂಂ. ಅದಕ್ಕಾಗಿಯೇ ಆ ಪ್ರಶ್ನೆ.

ಅಜ್ಜನವರು ಕೇಳಿದರು: “ಬನ್ನು ಹಂಚಿದ ದಿನ ಮಧ್ಯಾಹ್ನ ಪಾಠ ಹೇಗೆ ನಡೆಯಿತು?”

“ಮೊದಲು ಚೆನ್ನಾಗಿಯೇ ಇತ್ತಂತೆ. ಆಮೇಲೆ ಅರ್ಧ ತರಗತಿ ತೂಕಡಿಸಿತು, ಇನ್ನರ್ಧ ಜಗಳಕ್ಕೆ ನಿಂತಿತು. ಈ ಹುಡುಗರ ತಲೆಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ಲೆಕ್ಕದ ಮಾಸ್ತರರು ಬೈದುಕೊಂಡರು. ಬಿಸಿಲು, ಅಜ್ಜನವರೆ. ಬಿಸಿಲಿಗೆ ಹಾಗಾಗುತ್ತದೆ.”

ಅಜ್ಜನವರು ಬಿಸಿಲಿನ ಮಾತು ಬೆಳೆಸಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರ ಇದ್ದ. ಮಗ್ಗದಲ್ಲಿ ಎರಡು ಬಗೆಯ ನೂಲು. ಅಡ್ಡಕ್ಕೆ ಓಡುವುದು ಹೊಕ್ಕು. ಅದು ಲಾಳಿಯೊಳಗೆ ಕೂತು ಹೋಗಿ ಬರುತ್ತದೆ, ಅದಕ್ಕೆ ಹೆಚ್ಚಿನ ಕಷ್ಟವಿಲ್ಲ. ಉದ್ದಕ್ಕೆ ಬಿಗಿದು ನಿಲ್ಲುವುದು ಹಾಸು. ದಿನವಿಡೀ ಎಳೆತವೂ ತಿಕ್ಕಾಟವೂ ಅದಕ್ಕೇ. ಅದು ತಡೆದುಕೊಳ್ಳಲಿ ಎಂದು, ಮಗ್ಗಕ್ಕೆ ಏರಿಸುವ ಮುನ್ನ ಹಾಸನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುತ್ತಾರೆ. ನಾವು ಕುಡಿಯುವಂಥ ಗಂಜಿಯೇ ಅದು. ನೇಕಾರನ ಬೀದಿಯಲ್ಲಿ ಇದಕ್ಕೆ ನೂಲಿಗೆ ಉಣಿಸುವುದು ಎನ್ನುತ್ತಿದ್ದರು. ಉಣ್ಣದ ನೂಲು ಮಗ್ಗ ಏರಬಾರದು ಎಂಬುದು ಆ ಬೀದಿಯ ಕಟ್ಟಳೆ.

ಒಂದು ದಿನ ನೇಕಾರ ಹಳ್ಳ ದಾಟುತ್ತಿದ್ದ. ತಾನು ನೇಯ್ದ ಸೀರೆಯನ್ನು ಒಬ್ಬ ಹೆಂಗಸು ಮೊದಲ ಸಲ ಒಗೆಯುತ್ತಿದ್ದಳು. ನೀರು ಬೆಳ್ಳಗಾಗಿ ಹರಿಯಿತು. ಅದು ಅವನು ಕಾಯಿಸಿ, ಸೋಸಿ, ಬೆನ್ನು ಬಗ್ಗಿಸಿ ತೀಡಿದ ಗಂಜಿ. ನೇಕಾರ ನಿಂತು ನೋಡಿದ. ನೀರಿಗೆ ಹೋಗುವುದಕ್ಕೆ ಇಷ್ಟು ದುಡಿಯಬೇಕೇ ಎಂದುಕೊಂಡ. ಮುಂದಿನ ಹಾಸನ್ನು ಉಣಿಸದೆಯೇ ಮಗ್ಗಕ್ಕೆ ಏರಿಸಿದ.

ಬೆಳಗ್ಗೆ ಮಗ್ಗ ಸಲೀಸಾಗಿ ಆಡಿತು. ಇಷ್ಟು ದಿನ ಎಂಥ ದಡ್ಡನಾಗಿದ್ದೆ ಎಂದು ನೇಕಾರ ನಕ್ಕ. ಹೊತ್ತು ನೆತ್ತಿಗೆ ಬಂದಾಗ ಒಂದು ಎಳೆ ಹರಿಯಿತು. ಗಂಟು ಹಾಕಿದ. ಪಕ್ಕದ್ದು ಹರಿಯಿತು. ಸಂಜೆಯ ಹೊತ್ತಿಗೆ ನೇಯುವುದಕ್ಕಿಂತ ಗಂಟು ಹಾಕುವುದೇ ಹೆಚ್ಚಾಯಿತು. ನೂಲನ್ನು ಬೈದ. ನೂಲು ಮಾರಿದವನ ಜತೆ ಜಗಳ ಕಾದ. ಮಗ್ಗ ಮಾಡಿಕೊಟ್ಟ ಬಡಗಿಯ ಮೇಲೂ ಸಂಶಯಪಟ್ಟ. ಇದೆಲ್ಲವನ್ನೂ ಅವನ ಹೆಂಡತಿ ನೋಡುತ್ತಲೇ ಇದ್ದಳು.

“ನೂಲನ್ನು ಬೈಯುತ್ತೀರಲ್ಲ, ಅದು ಏನು ಉಂಡಿದೆ ಎಂದು ನೋಡಿದಿರಾ?” ಎಂದಳು.

“ಉಣಿಸಿ ಏನು ಬಂತು? ಒಂದು ಒಗೆತಕ್ಕೆ ಎಲ್ಲ ಹೊರಟುಹೋಗುತ್ತದೆ.”

“ಹೋದರೆ ಹೋಗಲಿ ಬಿಡಿ. ಅಷ್ಟರೊಳಗೆ ಅದು ಸೀರೆಯಾಗಿರುತ್ತದಲ್ಲ.”

ಇಷ್ಟು ಹೇಳಿ ಅಜ್ಜನವರು ಕತೆ ನಿಲ್ಲಿಸಿದರು.

ಮಡಿವಾಳಯ್ಯನಿಗೆ ಕತೆ ಅರ್ಥವಾಗದೆ ಇರಲಿಲ್ಲ. ಮಕ್ಕಳು ಹಾಸಿನ ಎಳೆಗಳು. ಓದು, ಬರಹ, ಮೈ ಬೆಳೆಯುವುದು, ಈ ಎಳೆತವೆಲ್ಲ ಬೀಳುವುದು ಅವರ ಮೇಲೆ. ಕಾಳು, ಸೊಪ್ಪು, ರೊಟ್ಟಿ ಅವರಿಗೆ ಹಚ್ಚುವ ಗಂಜಿ. ಬನ್ನು ಹಂಚಿದ ಮಧ್ಯಾಹ್ನ ಆ ಎಳೆಗಳು ಹರಿದದ್ದು ಬಿಸಿಲಿಗಲ್ಲ. ಇದೆಲ್ಲ ತಿಳಿಯಿತು. ಆದರೆ ತಿಳಿದ ಮಾತ್ರಕ್ಕೆ ದಣಿವು ಇಳಿಯುವುದಿಲ್ಲ. ಅವನ ಒಳಗೆ ಇನ್ನೊಂದು ನೋವು ಉಳಿದಿತ್ತು. ನಿಜವಾಗಿ ಅವನು ಕೇಳಬೇಕೆಂದಿದ್ದದ್ದೂ ಅದನ್ನೇ.

“ನೂಲಿಗೆ ಬಾಯಿಲ್ಲ, ಅಜ್ಜನವರೆ. ಅದು ಹೇಳಲಾರದು. ಮಕ್ಕಳಿಗೆ ಬಾಯಿದೆ. ಇಷ್ಟು ವರ್ಷ ಬಡಿಸಿದ್ದೇನೆ. ಓದಿ ದೊಡ್ಡವರಾದವರು ಮಠಕ್ಕೆ ಬರುತ್ತಾರೆ, ಮಾಸ್ತರರ ಕಾಲು ಮುಟ್ಟುತ್ತಾರೆ, ಹೋಗುತ್ತಾರೆ. ಅಡಿಗೆಮನೆಯ ಬಾಗಿಲಿಗೆ ಬಂದು, ನೀನು ಹಾಕಿದ ಊಟದಿಂದ ನಾನು ಗಟ್ಟಿಯಾಗಿ ನಿಂತೆ ಎಂದು ಒಬ್ಬನಾದರೂ ಹೇಳಿದ್ದಾನೆಯೇ?”

ಅಜ್ಜನವರು ಅವನ ಅಗಲವಾದ ಭುಜಗಳನ್ನೂ ರೊಟ್ಟಿ ಬಡಿದು ಗಟ್ಟಿಯಾದ ಕೈಗಳನ್ನೂ ಸ್ವಲ್ಪ ಹೊತ್ತು ನೋಡಿದರು.

“ನೀನು ನನಗೆ ಹೇಳಿದ್ದೀಯಾ, ತಮ್ಮಾ?”

ಮಡಿವಾಳಯ್ಯ ಬಗ್ಗಿ ಅವರ ಕಾಲು ಮುಟ್ಟಿದ. ಆಮೇಲೆ ಎದ್ದು, ನಾಳೆಗೆ ಹೆಸರುಕಾಳು ನೆನೆಹಾಕಲು ಅಡಿಗೆಮನೆಗೆ ನಡೆದ.