ಹೊನ್ನೆ ಮರ ನೀರಿನತ್ತ ಬಾಗಿದ್ದು

ಕಡಲಿಗೆ ಹಾಕಿದ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ನದಿಗಳು ದಾರಿ ಕೇಳಿಕೊಂಡು ಬರುತ್ತಿದ್ದವು. ಲೋಕ ಅಷ್ಟು ಹೊಸದು. ಆಗ ಮರಗಳೆಲ್ಲ ನೆಟ್ಟಗೆ ನಿಲ್ಲುತ್ತಿದ್ದವು. ನದಿ ಕಡಲು ಸೇರುವ ಅಳಿವೆಯ ದಂಡೆಯ ಹೊನ್ನೆ ಮರವೂ ನೆಟ್ಟಗೇ ಇತ್ತು.

ಆ ದಂಡೆಯಲ್ಲಿ ಮಾದೇವಿ ಎಂಬ ಅಂಬಿಗರ ಹೆಂಗಸಿಗೆ ಒಂದು ಪುಟ್ಟ ದೋಣಿ ಇತ್ತು. ಒಂದು ದಿನ ಅದು ಬಂಡೆಗೆ ಬಡಿದು ಎರಡು ಹಲಗೆ ಸೀಳಿದವು, ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಪಕ್ಕೆಲುಬೊಂದು ಮುರಿಯಿತು. ಅವಳು ದೋಣಿ ಕಟ್ಟುವ ಸುಬ್ಬಾಚಾರಿಯನ್ನು ಕರೆಸಿದಳು.

ಆಚಾರಿ ಕೊಡಲಿಯ ಹಿಂಬದಿಯಿಂದ ಮರಗಳನ್ನು ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಬಂದ. ಹೊನ್ನೆ ಉಸಿರು ಬಿಗಿಹಿಡಿದು ನಿಂತಿತು. ದೋಣಿಗೆ ದಿನವೂ ನೆರಳು ಕೊಟ್ಟದ್ದು ತಾನು. ಹಗ್ಗ ಸುತ್ತುತ್ತಿದ್ದದ್ದೂ ತನ್ನ ಸೊಂಟಕ್ಕೇ. ತನ್ನನ್ನು ಬಿಟ್ಟು ಇನ್ಯಾರ ಹತ್ತಿರ ಹೋದಾನು?

ಆಚಾರಿ ಅದನ್ನು ದಾಟಿ ಗುಡ್ಡ ಹತ್ತಿದ. ತೇಗದ ಮೈ ಸವರಿ, "ಮರ ಅಂದರೆ ಇದಪ್ಪಾ! ಹಲಗೆಗೂ ಇದೇ, ಪಕ್ಕೆಲುಬಿಗೂ ಇದೇ" ಎಂದ.

ಹೊನ್ನೆಯ ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಯಿತು.

ದೋಣಿ ಮತ್ತೆ ನೀರಿಗಿಳಿಯಿತು. ಹೊನ್ನೆ ಕೇಳಿತು, "ಗಾಳಿಯಣ್ಣಾ, ಆ ತೇಗದ ಹಲಗೆ ನೀರಿನ ಹತ್ತಿರ ಏನು ಮಾತಾಡುತ್ತದೆ?"

"ನಿನಗ್ಯಾಕೆ ಅದು?"

"ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವರ ಎಲೆ ಹೀಗೆ ನಡುಗುತ್ತದಾ?"

ಹೊನ್ನೆ ತಾನೇ ಕೇಳಿಸಿಕೊಳ್ಳಲು ಒಂಚೂರು ಬಾಗಿತು. ಮರುದಿನ ಇನ್ನೊಂಚೂರು. ಅದರ ಮರುದಿನ ಮತ್ತೊಂಚೂರು. ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಕೊಂಬೆ ಬಾಗಿತು, ಕಾಂಡವೂ ಬಾಗಿತು.

"ನೋಡ್ರೋ, ಹೊಟ್ಟೆಕಿಚ್ಚಿಗೆ ಇವಳ ಬೆನ್ನು ಗೂನಾಯ್ತು!" ಎಂದು ಗಾಳಿ ಊರಿಗೆಲ್ಲ ಸಾರಿತು.

ಒಂದು ಮಳೆಗಾಲದ ಮೊದಲಲ್ಲಿ ದೊಡ್ಡ ಅಲೆ ದೋಣಿಗೆ ಬಡಿಯಿತು. ತೇಗದ ಹಲಗೆಗೆ ಏನೂ ಆಗಲಿಲ್ಲ. ತೇಗದ ಪಕ್ಕೆಲುಬು ಮಾತ್ರ ಲಟ್ಟೆಂದು ಮುರಿಯಿತು. ಮಾದೇವಿ ಹೇಗೋ ದಡ ಸೇರಿದಳು.

"ಆಚಾರಿ, ಆಚೆ ದಡದಲ್ಲಿ ನನ್ನ ಮಗಳು ದಿನ ತುಂಬಿದ ಬಸುರಿ. ನಾನೇನು ಹಾರಿಕೊಂಡು ಹೋಗಲಾ?"

ಆಚಾರಿ ಮುರಿದ ತುಂಡನ್ನು ತಿರುಗಿಸಿ ನೋಡಿದ. "ತಪ್ಪು ನನ್ನದೇ ಮಾದೇವಕ್ಕ. ನೆಟ್ಟಗಿನ ಮರವನ್ನು ಬಾಗಿದ ಹಾಗೆ ಕೆತ್ತಿದೆ. ಒಳಗಿನ ನಾರು ನೆಟ್ಟಗೇ ಇತ್ತು, ಅಲ್ಲೇ ಸೀಳಿತು. ಇದಕ್ಕೆ ತಾನಾಗಿಯೇ ಬಾಗಿ ಬೆಳೆದ ಮರ ಬೇಕು."

ಅವನು ದೋಣಿಯ ಹೊಟ್ಟೆಗೆ ಹಸಿ ಬೆತ್ತ ಒತ್ತಿ ಬಗ್ಗಿಸಿ, ತುದಿಗಳಿಗೆ ದಾರ ಕಟ್ಟಿ ಅಳತೆ ತೆಗೆದ. ಬೆತ್ತ ಹಿಡಿದು ಮರದಿಂದ ಮರಕ್ಕೆ ಅಲೆದ. ಗುಡ್ಡದ ತುಂಬ ನೆಟ್ಟಗಿನ ಮರಗಳೇ. ಸೋತು ಬಂದು ಹೊನ್ನೆಯ ಕೆಳಗೆ ಕೂತು ತಲೆಯೆತ್ತಿದ. ಥಟ್ಟನೆ ಎದ್ದು ಬೆತ್ತವನ್ನು ಕೊಂಬೆಗೆ ಹಿಡಿದ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ.

"ಒಂದು ಕೊಂಬೆ ಕೊಡ್ತೀಯಾ ತಾಯಿ?"

"ತೇಗ ಎರಡು ಹಲಗೆ ಕೊಟ್ಟಿತ್ತಲ್ಲ! ನನ್ನದೂ ಎರಡು ತಗೋ!"

"ಒಂದೇ ಸಾಕು" ಎಂದು ಆಚಾರಿ ನಕ್ಕ.

ಮಾದೇವಿ ಹೊಸ ಪಕ್ಕೆಲುಬಿನ ದೋಣಿಯಲ್ಲಿ ಉಕ್ಕುವ ನೀರು ದಾಟಿದಳು. ತಿಂಗಳು ಕಳೆದು ಮಗಳನ್ನೂ ಎಳೆಗೂಸನ್ನೂ ಕೂರಿಸಿಕೊಂಡು ಬಂದಳು. ಮಗು ಮಲಗಿದ್ದ ಚಾಪೆಯ ಕೆಳಗೇ ಹೊನ್ನೆಯ ಪಕ್ಕೆಲುಬು ಅಲೆಯ ಪೆಟ್ಟು ತಾಳಿಕೊಂಡಿತ್ತು.

ದಡದಲ್ಲಿ ಜನ ಸೇರಿದರು. ಹೊರಗಿನ ಹಲಗೆ ಸವರಿ, "ಎಂಥಾ ತೇಗ ನೋಡಿ! ಮಗು ಬದುಕಿತು" ಎಂದರು.

"ಒಳಗೆ ನೋಡ್ರೋ, ಒಳಗೆ!" ಎಂದು ಹೊನ್ನೆ ಕೂಗಿತು. ಜನರ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅದು ಇನ್ನಷ್ಟು ಬಾಗಿತು. ಕೈಗೆ ಸಿಕ್ಕ ಒಂದು ಕಾಯಿಯನ್ನು ದೋಣಿಯೊಳಕ್ಕೆ ಎಸೆಯಿತು, ಟಪ್!

ಅದಕ್ಕೇ ಮಗಾ, ಇವತ್ತಿಗೂ ಕಡಲ ದಂಡೆಯ ಹೊನ್ನೆ ಮರಗಳು ನೀರಿನ ಮೇಲೆ ಬಾಗಿಕೊಂಡು, ಕೆಳಗೆ ಕಟ್ಟಿದ ದೋಣಿಗಳೊಳಕ್ಕೆ ಟಪ್ ಟಪ್ ಎಂದು ಗುಂಡು ಕಾಯಿ ಬೀಳಿಸುತ್ತಲೇ ಇರುತ್ತವೆ.